ಮೂರೂಮುಕ್ಕಾಲರ ಒಳಗೆ ಒಂದು ಪುಟ

ನರ್ಸಮ್ಮ ಮಧ್ಯಾಹ್ನ ಎರಡಕ್ಕೆ ಪುಸ್ತಕ ತೆರೆದರೆಂದರೆ ನಮ್ಮೂರಿನಲ್ಲಿ ಯಾರೂ ಒಲೆಯ ಮೇಲಿನ ಹಾಲನ್ನು ನಂಬುತ್ತಿರಲಿಲ್ಲ. ಅವರು ಓದುತ್ತಿದ್ದದ್ದು ವಿಜ್ಞಾನದ ಕಾದಂಬರಿಗಳು, ಅದರಲ್ಲೂ ಕಾಲದಲ್ಲಿ ಹಿಂದೆ ಮುಂದೆ ಓಡಾಡುವವರ ಕಾದಂಬರಿಗಳು. ಕಾದಂಬರಿ ಸಾಧಾರಣವಾಗಿದ್ದರೆ ಊರಿಗೆ ಏನೂ ಆಗುತ್ತಿರಲಿಲ್ಲ. ಚೆನ್ನಾಗಿದ್ದು, ಯಾವುದೋ ಒಂದು ಪುಟ ಅವರ ಎದೆಗೆ ನಾಟಿತೋ, ಊರಿನ ಹೊತ್ತು ಒಂದು ಗಂಟೆ ಹಿಂದಕ್ಕೆ ಜಾರುತ್ತಿತ್ತು. ನಾಲ್ಕು ಹೊಡೆದದ್ದು ಮೂರಾಗುತ್ತಿತ್ತು. ಜನ, ದನ, ಪಾತ್ರೆ ಪಗಡೆ, ಮರದ ನೆರಳು ಎಲ್ಲವೂ ಒಂದು ಗಂಟೆ ಹಿಂದೆ ಎಲ್ಲಿದ್ದವೋ ಅಲ್ಲಿಗೇ ಹೋಗಿ ನಿಲ್ಲುತ್ತಿದ್ದವು. ನೆನಪು ಮಾತ್ರ ಜಾರುತ್ತಿರಲಿಲ್ಲ. ಹಾಗಾಗಿ ಗಂಡ ಹೆಂಡಿರ ಜಗಳದಲ್ಲಿ ಒಡೆದ ಲೋಟ ಮತ್ತೆ ಕೂಡಿಕೊಳ್ಳುತ್ತಿತ್ತು, ಆಡಿದ ಮಾತು ಹಾಗೇ ಉಳಿಯುತ್ತಿತ್ತು.

ಜನ ಇದಕ್ಕೆ ಹೊಂದಿಕೊಂಡಿದ್ದರು. ಮದುವೆ, ಉಪನಯನ, ಗೃಹಪ್ರವೇಶ ಎಲ್ಲವನ್ನೂ ಬೆಳಗ್ಗೆಯೇ ಮುಗಿಸುತ್ತಿದ್ದರು. ಶಾಲೆಯಲ್ಲಿ ಗಣಿತದ ಪರೀಕ್ಷೆಯನ್ನು ಮಾತ್ರ ಮಧ್ಯಾಹ್ನ ಇಡಬೇಕೆಂದು ಮಕ್ಕಳು ಹಟ ಹಿಡಿಯುತ್ತಿದ್ದರು. ಹೊರಗಿನಿಂದ ಬಂದ ಅಳಿಯಂದಿರು ಒಂದೇ ದಿನ ಎರಡು ಸಲ ಬಸ್ಸಿನಿಂದ ಇಳಿದು ಕಕ್ಕಾಬಿಕ್ಕಿಯಾದರೆ ನಮಗೆ ಅದೊಂದು ನಗು. ನೀರಿನ ಟ್ಯಾಂಕಿನ ಗೋಡೆಯ ಮೇಲೆ, ಹೊತ್ತನ್ನು ಜಾರಿಸಿದ ಕಾದಂಬರಿಗಳ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆಸಿದ್ದರು. ಹನ್ನೊಂದು ವರ್ಷದಲ್ಲಿ ಹದಿನೇಳು ಹೆಸರು. ಒಮ್ಮೆ ಒಬ್ಬ ಲೇಖಕರು ತಮ್ಮ ಕಾದಂಬರಿಯನ್ನು ತಾವೇ ತಂದುಕೊಟ್ಟು, ಬಸ್ ನಿಲ್ದಾಣದ ಗಡಿಯಾರದ ಕೆಳಗೆ ಇಡೀ ಮಧ್ಯಾಹ್ನ ಕಾದರು. ಐದೂವರೆಯ ಬಸ್ಸು ಐದೂವರೆಗೇ ಬಂತು. ಅವರು ಯಾರ ಮುಖವನ್ನೂ ನೋಡದೆ ಹತ್ತಿಕೊಂಡರು.

ನಾನು ಪುರಸಭೆಯ ಗಂಟೆಯವಳು. ಬಿ.ಎ. ಓದಿದವಳಿಗೆ ಇದೇನು ಕೆಲಸ ಎಂದು ನನ್ನ ಚಿಕ್ಕಪ್ಪ ಇವತ್ತಿಗೂ ಕೇಳುತ್ತಾರೆ. ಕೆಲಸವೇನೆಂದರೆ, ನರ್ಸಮ್ಮನ ಜಗುಲಿಯಲ್ಲಿ ಅವರ ಎದುರಿನ ಕುರ್ಚಿಯಲ್ಲಿ ಕೂತು ಅವರ ಮುಖ ನೋಡುತ್ತಿರುವುದು. ಪುಟ ನಾಟಿದಾಗ ಅವರ ಎಡಗೈಯಲ್ಲಿನ ಬೀಸಣಿಗೆ ನಿಂತುಬಿಡುತ್ತಿತ್ತು. ನಿಂತ ಮೇಲೆ ಹತ್ತು ಉಸಿರು ಎಳೆದು ಬಿಡುವಷ್ಟು ಹೊತ್ತು, ಆಮೇಲೆ ಜಾರುವುದು. ಆ ಹತ್ತು ಉಸಿರಿನೊಳಗೆ ನಾನು ಬೀದಿಗೆ ಬಂದು ಕೈಗಂಟೆ ಬಾರಿಸಬೇಕು. ಒಬ್ಬರಿಂದೊಬ್ಬರಿಗೆ ಕೂಗು ದಾಟುತ್ತಿತ್ತು. ಗಂಟೆ ಕೇಳಿದ ತಕ್ಷಣ ಊರಿನವರೆಲ್ಲ ಒಂದು ಗಂಟೆ ಹಿಂದೆ ತಾವು ಹೇಗಿದ್ದರೋ ಹಾಗೆ ನಿಂತುಕೊಳ್ಳುತ್ತಿದ್ದರು. ಕ್ಷೌರಿಕ ಇಲ್ಲದ ಗಲ್ಲಕ್ಕೆ ಇಲ್ಲದ ಕತ್ತಿ ಹಿಡಿಯುತ್ತಿದ್ದ. ಹೆಂಗಸರು ಗಾಳಿಯಲ್ಲಿ ಹಗ್ಗ ಜಗ್ಗಿ ನೀರು ಸೇದುತ್ತಿದ್ದರು. ಸೈಕಲ್ಲಿನವರು ಬೀದಿ ನಡುವೆ ಕಾಲು ಅಗಲಿಸಿ ಕುಕ್ಕರಿಸಿ ಹ್ಯಾಂಡಲ್ ಹಿಡಿದಂತೆ ಕೈ ಚಾಚುತ್ತಿದ್ದರು. ಪರ ಊರಿನವರು ಕಂಡರೆ ಹುಚ್ಚು ಎನ್ನಬಹುದು. ನೆನಪಿನ ಹಾಗೆ ಮೈಯ ಆಯವೂ ಜಾರಿದ ಗಳಿಗೆಯದ್ದೇ ಉಳಿಯುತ್ತಿದ್ದರಿಂದ, ಹಾಗೆ ನಿಂತವರು ಜಾರಿದ ಮೇಲೆ ಎಡವುತ್ತಿರಲಿಲ್ಲ, ಅಷ್ಟೇ.

ಈ ಕೆಲಸಕ್ಕೆ ನನ್ನನ್ನು ಆರಿಸಿದ್ದು ನರ್ಸಮ್ಮನೇ. ಅವರ ಹೆಸರು ಸುಗುಣಾಬಾಯಿ. ಮೂವತ್ತು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಿ ನಿವೃತ್ತರಾದವರು. ಸಂದರ್ಶನದ ದಿನ ನಾನು ಒಳಗೆ ಬಂದು ಕೂರುವ ಮೊದಲು ಕುರ್ಚಿಯ ನಾಲ್ಕು ಕಾಲನ್ನೂ ಅಲುಗಿಸಿ ನೋಡಿದ್ದೆನಂತೆ. "ಇವಳೇ ಇರಲಿ. ಹೆದರೋ ಜನಾನೇ ಬೇಕು ಇದಕ್ಕೆ" ಎಂದುಬಿಟ್ಟರು. ನಿಯಮ ಒಂದೇ: ಗಂಟೆಯವಳು ಪುಸ್ತಕದೊಳಗೆ ಇಣುಕಬಾರದು, ಮುಖ ನೋಡಬೇಕು. ಹನ್ನೊಂದು ವರ್ಷ ನಾನು ಒಂದು ಸಾಲನ್ನೂ ಓದಿರಲಿಲ್ಲ. ಊರಿನಲ್ಲಿ ಬೇರೆ ಯಾರೂ ಓದಿರಲಿಲ್ಲ. ಅದು ನರ್ಸಮ್ಮನಿಗೆ ಒಲಿದ ವಿದ್ಯೆ ಎಂದು ಎಲ್ಲರೂ ನಂಬಿದ್ದರು.

ಅವರ ಹಾಗೆ ಓದುವವರನ್ನು ನಾನು ಎಲ್ಲೂ ನೋಡಿಲ್ಲ. ಕೆಟ್ಟ ಕಾದಂಬರಿಯಾದರೆ ಮೊದಲು ನಾಲಿಗೆಯಲ್ಲಿ ಲೊಚ್ಚೆನ್ನುತ್ತಿದ್ದರು, ಆಮೇಲೆ ಕಾಲಿನ ಚಪ್ಪಲಿ ಬಿಚ್ಚುತ್ತಿದ್ದರು, ಕೊನೆಗೆ ಪುಸ್ತಕವನ್ನು ಅಂಗಳದ ಒರಳಿಗೆ ಗುರಿಯಿಟ್ಟು ಎಸೆಯುತ್ತಿದ್ದರು. "ನೋಡೇ ಕುಮುದ, ಇವನು ಮುನ್ನೂರು ವರ್ಷ ಮುಂದೆ ಹೋಗಿದಾನೆ, ಅಲ್ಲೂ ಹೆಂಗಸರು ಕಾಫಿ ಲೋಟ ಹಿಡ್ಕೊಂಡೇ ಬರ್ತಾರೆ. ಯಂತ್ರ ಕಂಡುಹಿಡಿಯೋಕ್ಕಾಯ್ತು, ಲೋಟ ತೊಳೆಯೋಕ್ಕಾಗ್ಲಿಲ್ಲ." ಇನ್ನೊಬ್ಬ ಲೇಖಕರ ಬಗ್ಗೆ, "ಹೆರಿಗೆ ನೋವೇ ಇಲ್ದೆ ಮಗು ಹುಟ್ಟಿಸ್ತಾನೆ ಇವನು" ಎಂದಿದ್ದರು. ಆದರೆ ಒಳ್ಳೆಯ ಪುಟ ಸಿಕ್ಕಿದಾಗ ಆ ಮುಖ ನೋಡಬೇಕಿತ್ತು. ಹೊಗಳುತ್ತಿರಲಿಲ್ಲ, ಕಣ್ಣೀರು ಹಾಕುತ್ತಿರಲಿಲ್ಲ. ಆಗತಾನೇ ಹುಟ್ಟಿದ ಕೂಸು ಮೊದಲ ಸಲ ಕಣ್ಣು ಬಿಟ್ಟು ತಮ್ಮನ್ನೇ ನೋಡಿದಂತೆ ಸುಮ್ಮನಾಗುತ್ತಿದ್ದರು. ಆ ಮೌನಕ್ಕಾಗಿಯೇ ನಾನು ದಿನಾ ಎರಡಕ್ಕೆ ಹತ್ತು ನಿಮಿಷ ಮೊದಲೇ ಜಡೆ ಹೆಣೆದು ಹೊರಡುತ್ತಿದ್ದೆ.

ಅವತ್ತು ಏನಾಯಿತೆಂದರೆ, ನಾಲ್ಕಕ್ಕೆ ಸ್ವಲ್ಪ ಮೊದಲು ನರ್ಸಮ್ಮ ಪುಸ್ತಕವನ್ನು ಕುರ್ಚಿಯ ಮೇಲೆ ತೆರೆದೇ ಇಟ್ಟು ಕಾಫಿ ಮಾಡಲು ಒಳಗೆ ಹೋದರು. ಓದು ನಿಂತರೆ ನನ್ನ ಕೆಲಸವೂ ನಿಂತ ಹಾಗೆ. ಗಾಳಿಗೆ ಹಾಳೆ ಹಾರತೊಡಗಿತು. ಅವರ ಗುರುತು ತಪ್ಪಿಹೋದೀತೆಂದು ನಾನು ಎದ್ದು ಹಾಳೆಯ ಮೇಲೆ ಕೈಯಿಟ್ಟೆ. ಕೈಯ ಪಕ್ಕದಲ್ಲಿದ್ದ ಒಂದು ಸಾಲು ಓದಿದೆ. ಆಮೇಲೆ ಇಡೀ ಪುಟ ಓದಿದೆ.

ನಕ್ಷತ್ರಗಳ ಕಡೆಗೆ ಹೋದ ಒಂದು ಹಡಗು ಹಿಂತಿರುಗಿ ಬಂದಿದೆ. ಅದರಲ್ಲಿದ್ದ ಹೆಂಗಸಿಗೆ ಆಗಿರುವುದು ನಾಲ್ಕು ವರ್ಷ, ಊರಿಗೆ ಆಗಿರುವುದು ಏಳುನೂರು. ಅವಳ ಭಾಷೆಯನ್ನು ಆಡುವವರು ಯಾರೂ ಉಳಿದಿಲ್ಲ. ಬಯಲಿನಲ್ಲಿ ಒಬ್ಬನೇ ಒಬ್ಬ ಕಾವಲಿನವನು ನಿಂತಿದ್ದಾನೆ. ಅವನು ಅವಳ ಹತ್ತಿರ ಬಂದು, ಅವಳ ಭಾಷೆಯಲ್ಲಿ, ಸ್ಪಷ್ಟವಾಗಿ ಕೇಳುತ್ತಾನೆ: ದಾರಿಯಲ್ಲಿ ಊಟ ಆಯ್ತಾ? ಹಡಗು ಹೊರಟ ದಿನ ಯಾರೋ ಒಬ್ಬಳು ತನ್ನ ಮಗನಿಗೆ ಹೇಳಿದ್ದಳು, ಅವರು ಬಂದಾಗ ಇದನ್ನು ಕೇಳು ಎಂದು. ಅವನು ತನ್ನ ಮಗನಿಗೆ ಹೇಳಿದ. ಹೀಗೆ ಮೂವತ್ತು ತಲೆಮಾರು, ಭಾಷೆಯೇ ಸತ್ತುಹೋದ ಮೇಲೂ, ಅರ್ಥ ಗೊತ್ತಿಲ್ಲದೆ, ಉಚ್ಚಾರ ತಪ್ಪದಂತೆ ಆ ಒಂದು ಮಾತನ್ನು ಕೈಯಿಂದ ಕೈಗೆ ಕೊಡುವಂತೆ ಕೊಟ್ಟುಕೊಂಡು ಬಂದಿದ್ದರು.

ನನ್ನ ಕೈ ಹಾಳೆಯ ಮೇಲೆಯೇ ಇತ್ತು. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ ತಿಳಿಯದು. ತಿಳಿಯುವಷ್ಟರಲ್ಲಿ ನಾನು ನನ್ನ ಕುರ್ಚಿಯಲ್ಲಿದ್ದೆ, ಮಡಿಲಲ್ಲಿ ಗಂಟೆಯಿತ್ತು, ಎದುರಿಗೆ ನರ್ಸಮ್ಮ ಪುಸ್ತಕ ಹಿಡಿದು ಕೂತಿದ್ದರು. ಒಳಗಿನ ಗೋಡೆ ಗಡಿಯಾರ ಮೂರು ಹೊಡೆಯಿತು. ಗಂಟೆ ಬಾರಿಸಿರಲಿಲ್ಲ. ಬೀದಿಯ ಆ ಕಡೆಯಿಂದ ಒಂದು ಸದ್ದು ಕೇಳಿಸಿತು, ಒದ್ದೆ ಮೂಟೆ ಕೆಳಗೆ ಬಿದ್ದ ಹಾಗೆ.

ಬಿದ್ದವನು ಮುನಿಸಾಮಿ, ಬೋರ್ಡು ಬರೆಯುವವನು. ಟ್ಯಾಂಕಿನ ಗೋಡೆಯ ಮೇಲೆ ಮಾಸಿದ್ದ ಹೆಸರುಗಳಿಗೆ ಮತ್ತೆ ಬಣ್ಣ ಹಾಕುತ್ತಿದ್ದ. ನಾಲ್ಕು ಗಂಟೆಗೆ ಅವನು ಇಳಿದು ಬಂದು ಚಹಾದಂಗಡಿಯ ಬೆಂಚಿನ ಮೇಲೆ ಗೋಡೆಗೊರಗಿ ಕೂತಿದ್ದ. ಮೂರು ಗಂಟೆಗೆ ಏಣಿಯ ತುದಿಯಲ್ಲಿದ್ದ. ಗಂಟೆಯಿಲ್ಲದೆ ಜಾರಿದಾಗ, ಒರಗಿದ್ದ ಮೈ ಒರಗಿದ ಹಾಗೆಯೇ ಏಣಿಯ ಮೇಲಿನ ಗಾಳಿಗೆ ಒರಗಿತು.

ಹತ್ತು ನಿಮಿಷದಲ್ಲಿ ನರ್ಸಮ್ಮನ ಅಂಗಳದ ತುಂಬ ಜನ. ನರ್ಸಮ್ಮ ಅಷ್ಟರಲ್ಲಿ ಅವನನ್ನು ನೋಡಿ ಬಂದಿದ್ದರು. ಬೆನ್ನುಮೂಳೆಗೆ ಪೆಟ್ಟು, ಎಚ್ಚರವಿಲ್ಲ, ಉಸಿರು ಮೇಲೆ ಮೇಲೆ ಬರುತ್ತಿದೆ, ದೊಡ್ಡಾಸ್ಪತ್ರೆ ಎರಡು ಗಂಟೆಯ ದಾರಿ, ಅಲ್ಲಾಡಿಸಿದರೂ ಕಷ್ಟ ಎಂದರು. ಪುರಸಭೆಯ ಅಧ್ಯಕ್ಷ ಹಾಲಪ್ಪನವರು ನನ್ನ ಕಡೆ ತಿರುಗಿ, "ಏನಮ್ಮಾ ಕುಮುದ, ಗಂಟೆ ಏನಾಯ್ತು?" ಎಂದರು. ನರ್ಸಮ್ಮ ನಡುವೆ ಬಂದು, "ಅವಳನ್ನ ಕೇಳ್ಬೇಡಿ. ಬೀಸಣಿಗೆ ನಿಲ್ಲಿಸ್ದೆ ಓದ್ಬಿಟ್ಟೆ, ತಪ್ಪು ನಂದು" ಎಂದರು. ನಾನು ಅವರ ಮುಖ ನೋಡಿದೆ. ಅವರು ನನ್ನ ಮುಖ ನೋಡಲಿಲ್ಲ.

ಮುನಿಸಾಮಿಯ ಹೆಂಡತಿ ಅಲಮೇಲು ಅಳುತ್ತಿರಲಿಲ್ಲ. ಲೆಕ್ಕ ಹಾಕುತ್ತಿದ್ದಳು. "ಎರಡೂಕಾಲಿಗೆ ಬುತ್ತಿ ತಗೊಂಡು ಹೋದೆ. ಮರದ ಕೆಳಗೆ ಕೂತು ನಿಧಾನಕ್ಕೆ ಉಂಡ್ರು. ಏಣಿ ಮತ್ತೆ ಹತ್ತಿದ್ದು ಎರಡೂಮುಕ್ಕಾಲಿಗೆ, ನಾನೇ ಕೆಳಗೆ ನಿಂತು ಹಿಡ್ಕೊಂಡಿದ್ದೆ. ನರ್ಸಮ್ಮಾ, ಮೂರೂಮುಕ್ಕಾಲರ ಒಳಗೆ ಇನ್ನೊಂದ್ಸಲ ಜಾರಿಸಿಬಿಡಿ. ಅವರು ನೆಲದ ಮೇಲಿರ್ತಾರೆ. ಗಟ್ಟಿಯಾಗಿರ್ತಾರೆ."

ಎಲ್ಲರಿಗೂ ಅದು ಹೊಳೆದು ಅಂಗಳ ಒಮ್ಮೆ ಉಸಿರಾಡಿತು. ನರ್ಸಮ್ಮ ಕುರ್ಚಿಯಲ್ಲಿ ಕೂತು ಪುಸ್ತಕ ಹಿಡಿದರು. ನಲವತ್ತು ಜನ ಅವರ ಬೀಸಣಿಗೆಯನ್ನೇ ನೋಡುತ್ತಾ ನಿಂತರು. ಬೀಸಣಿಗೆ ಬೀಸುತ್ತಲೇ ಇತ್ತು. ಮೂರೂಕಾಲಾಯಿತು. ಟ್ಯಾಂಕಿನ ಮೇಲೆ ಹೆಸರಿದ್ದ ಹದಿನೇಳು ಪುಸ್ತಕಗಳನ್ನೂ ಯಾರೋ ಕಪಾಟಿನಿಂದ ತಂದು ಮುಂದಿಟ್ಟರು. ಅವರು ಒಂದೊಂದರಲ್ಲೂ ತಮಗೆ ಹಿಂದೆ ನಾಟಿದ್ದ ಪುಟ ತೆಗೆದು ಓದಿದರು. "ಇದು ನನಗೆ ಗೊತ್ತು" ಎಂದು ಒಂದನ್ನಿಟ್ಟರು. "ಇದೂ ಗೊತ್ತು" ಎಂದು ಇನ್ನೊಂದನ್ನಿಟ್ಟರು.

"ನರ್ಸಮ್ಮ, ಸ್ವಲ್ಪ ಮನಸ್ಸು ಕೊಟ್ಟು ಓದಿ" ಎಂದರು ಹಾಲಪ್ಪ.

"ಮನಸ್ಸು ಮುನಿಸಾಮಿ ಹತ್ರ ಇದೆ ಕಣಪ್ಪ. ಇಲ್ಲಿ ಬರೀ ಅಕ್ಷರ ಕಾಣ್ತಿದೆ. ನೀನು ಹೀಗೆ ಕುತ್ತಿಗೆ ಮೇಲೆ ನಿಂತ್ರೆ ಅದೂ ಕಾಣಲ್ಲ."

"ಬೀಸಣಿಗೆನಾದ್ರೂ ನಿಲ್ಸಿ ನೋಡೋಣ."

"ನಿಲ್ಸಬಹುದು. ಗಡಿಯಾರಕ್ಕೆ ನಾಟಕ ತಿಳಿಯುತ್ತೆ."

ಮೂರೂ ಇಪ್ಪತ್ತೈದು. ಅವರ ಹಣೆಯ ಬೆವರು ಮೂಗಿನ ತುದಿಗೆ ಇಳಿದು ಹಾಳೆಯ ಮೇಲೆ ಬಿತ್ತು. ಅರವತ್ತೆಂಟು ವರ್ಷದ ಹೆಂಗಸು, ತಾನು ಮಾಡದ ತಪ್ಪಿಗೆ, ಎಂದೂ ಸುಳ್ಳು ಹೇಳದ ತನ್ನ ಓದಿನ ಮುಂದೆ ಕೂತು ಬೇಡುತ್ತಿದ್ದರು. ನನಗೆ ಗೊತ್ತಿತ್ತು. ನಾಲ್ಕು ಗಂಟೆಗೆ ಅವರು ಒಲೆಯ ಮುಂದಿದ್ದರು. ಅವರಿಗೂ ಗೊತ್ತಿತ್ತು. ಊರಿಗೆ ಮಾತ್ರ ಗೊತ್ತಿರಲಿಲ್ಲ, ಗೊತ್ತಾಗುವ ದಾರಿಯೂ ಇರಲಿಲ್ಲ. ನಾನು ಸುಮ್ಮನಿದ್ದರೆ ಸುಮ್ಮನೇ ಇರಬಹುದಿತ್ತು. ನಾನು ಆಮೇಲೂ ಐದು ನಿಮಿಷ ಸುಮ್ಮನೇ ಇದ್ದೆ. ಕೆಲಸ ಹೋಗುತ್ತದೆಂದು, ಅಲಮೇಲು ನನ್ನ ಮುಖಕ್ಕೆ ಉಗಿಯುತ್ತಾಳೆಂದು, ನಲವತ್ತು ಜನ ಒಟ್ಟಿಗೆ ತಿರುಗಿ ನೋಡುತ್ತಾರೆಂದು.

ಮೂರೂವರೆಗೆ ಎದ್ದು ನಿಂತೆ. "ಜಾರಿಸಿದ್ದು ನರ್ಸಮ್ಮ ಅಲ್ಲ. ನಾನು" ಎಂದೆ.

ನಲವತ್ತು ಜನ ಒಟ್ಟಿಗೇ ತಿರುಗಿ ನೋಡಿದರು.

"ಅವರು ಕಾಫಿ ಮಾಡ್ತಿದ್ರು. ನಾನು ಒಂದು ಪುಟ ಓದಿದೆ. ನನ್ನಿಂದಲೂ ಆಗುತ್ತೆ ಅಂತ ಗೊತ್ತಿರ್ಲಿಲ್ಲ."

ಹಾಲಪ್ಪನವರ ಬಾಯಿ ತೆರೆದುಕೊಂಡಿತು. ಅಲಮೇಲು ನನ್ನ ಹತ್ತಿರ ಬಂದಳು. ಉಗಿಯಲಿಲ್ಲ. ನನ್ನ ರಟ್ಟೆ ಹಿಡಿದು ನರ್ಸಮ್ಮನ ಕುರ್ಚಿಯ ಕಡೆ ತಳ್ಳಿದಳು. "ಹಂಗಾದ್ರೆ ಓದು. ಬೈಗುಳ ಆಮೇಲೆ ತಿನ್ನುವಂತೆ" ಎಂದಳು.

ನರ್ಸಮ್ಮ ಎದ್ದು ಜಾಗ ಬಿಟ್ಟರು. ನನ್ನ ಕೈಯಿಂದ ಗಂಟೆ ತೆಗೆದುಕೊಂಡು ನನ್ನ ಕುರ್ಚಿಯಲ್ಲಿ ಕೂತರು. "ನೀನೇ ಹೇಳ್ತೀಯ ಅಂತ ಕಾದೆ. ಬಾಯಿಂದ ಎಳೆಯೋದು ನನ್ನ ಕಸುಬಲ್ಲ" ಎಂದು ಮೆಲ್ಲಗೆ ಹೇಳಿ, ಜನರ ಕಡೆ ತಿರುಗಿ, "ಎಲ್ರೂ ಅಂಗಳದಿಂದ ಆಚೆ ಹೋಗಿ. ಎರಡೂವರೆಯಿಂದ ಎರಡೂಮುಕ್ಕಾಲರ ತನಕ ಎಲ್ಲೆಲ್ಲಿದ್ರಿ ಅಂತ ನೆನಪು ಮಾಡ್ಕೊಳ್ಳಿ" ಎಂದು ಗದರಿದರು. ಅಂಗಳ ಖಾಲಿಯಾಯಿತು.

ಆ ಅಧ್ಯಾಯ ಮುಗಿಯುವ ಪುಟ ಅದೇ ಹಾಳೆಯ ಹಿಂಭಾಗದಲ್ಲಿತ್ತು. ಮೊದಲ ಸಾಲುಗಳು ಇರುವೆಗಳಂತೆ ಹರಿದವು. ಓದುತ್ತಿದ್ದೇನೆ ಎಂಬುದನ್ನೇ ಓದುತ್ತಿದ್ದೆ. ಗಡಿಯಾರದ ಟಿಕ್ ಟಿಕ್ ಕೇಳುತ್ತಿತ್ತು. ನರ್ಸಮ್ಮನ ಕಣ್ಣು ನನ್ನ ಮುಖದ ಮೇಲಿರುವುದು ತಿಳಿಯುತ್ತಿತ್ತು. ಹನ್ನೊಂದು ವರ್ಷ ಇನ್ನೊಬ್ಬರ ಮುಖ ನೋಡಿದವಳಿಗೆ ತನ್ನ ಮುಖವನ್ನು ಯಾರೋ ನೋಡುವುದು ಎಷ್ಟು ಭಾರವೆಂದು ಆಗ ಗೊತ್ತಾಯಿತು. ನಾನು ಮೊದಲಿಗೆ ಹಿಂತಿರುಗಿ ಮತ್ತೆ ಶುರು ಮಾಡಿದೆ.

ಕಾವಲಿನವನು ಕೇಳಿದ್ದಾನೆ, ದಾರಿಯಲ್ಲಿ ಊಟ ಆಯ್ತಾ. ಅದಕ್ಕೆ ಬರಬೇಕಾದ ಉತ್ತರವನ್ನೂ ಅವನ ಮನೆತನ ಅವನಿಗೆ ಕಲಿಸಿದೆ: ಆಯ್ತು. ಆ ಸದ್ದು ಕಿವಿಗೆ ಬಿದ್ದರೆ ಅವನ ಕೆಲಸ ಮುಗಿಯಿತು, ಮನೆಗೆ ಹೋಗಬಹುದು. ಹೆಂಗಸು ಅವನನ್ನು ನೋಡುತ್ತಾಳೆ, ಏಳುನೂರು ವರ್ಷದ ಬಯಲನ್ನು ನೋಡುತ್ತಾಳೆ. ಇಲ್ಲ, ಅನ್ನುತ್ತಾಳೆ. ಆಗಿಲ್ಲ. ಅವನು ಗಲಿಬಿಲಿಗೊಳ್ಳುತ್ತಾನೆ. ಈ ಸದ್ದನ್ನು ಅವನಿಗೆ ಯಾರೂ ಕಲಿಸಿಲ್ಲ. ಮೂವತ್ತು ತಲೆಮಾರಿನಲ್ಲಿ ಯಾರಿಗೂ ಹೊಳೆದೇ ಇಲ್ಲ, ಅವರು ಹಸಿದಿರಬಹುದೆಂದು. ಬೇರೇನೂ ತೋಚದೆ ಅವನು ಅವಳ ಮುಖ ನೋಡುತ್ತಾನೆ. ತುಂಬ ಹೊತ್ತು ನೋಡುತ್ತಾನೆ. ಆಮೇಲೆ ಸೊಂಟದ ಬಟ್ಟೆ ಬಿಚ್ಚಿ ತನ್ನ ರೊಟ್ಟಿಯನ್ನು ಎರಡು ಮಾಡಿ ಒಂದನ್ನು ಚಾಚಿ, ಅದೇ ಮಾತನ್ನು ಮತ್ತೊಮ್ಮೆ ಹೇಳುತ್ತಾನೆ. ಈ ಸಲ ನಿಧಾನವಾಗಿ. ಏಳುನೂರು ವರ್ಷದಲ್ಲಿ ಮೊದಲ ಸಲ ಆ ಮನೆತನದವನೊಬ್ಬ ಆ ಪ್ರಶ್ನೆಯನ್ನು ನಿಜವಾಗಿ ಕೇಳಿದ್ದ.

ಅಧ್ಯಾಯ ಅಲ್ಲಿಗೆ ನಿಂತಿತ್ತು. ಕೆಳಗೆ ಅರ್ಧ ಹಾಳೆ ಖಾಲಿ.

ನಾನು ಮುನಿಸಾಮಿಯನ್ನು ಮರೆತೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ಮರೆತದ್ದರಿಂದಲೇ ಅವನು ಉಳಿದ. ಅಲಮೇಲು, ಅಧ್ಯಕ್ಷರು, ನನ್ನ ಕೆಲಸ, ಗಡಿಯಾರ ಯಾವುದೂ ಇರಲಿಲ್ಲ. ಆ ಬಯಲಿತ್ತು, ಚಾಚಿದ ಒಂದು ಕೈ ಇತ್ತು. ಎಲ್ಲೋ ದೂರದಲ್ಲಿ ಗಂಟೆ ಬಾರಿಸುವುದು ಕೇಳುತ್ತಿತ್ತು. ಯಾರು ಬಾರಿಸುತ್ತಿದ್ದಾರೆ ಎಂದು ಕೂಡ ನಾನು ಕೇಳಿಕೊಳ್ಳಲಿಲ್ಲ.

ಎರಡೂ ನಲವತ್ತು. ನಾನು ನನ್ನ ಕುರ್ಚಿಯಲ್ಲಿ, ನರ್ಸಮ್ಮ ಅವರದರಲ್ಲಿ. "ನೀನು ಓದುವಾಗ ಉಸಿರೇ ಬಿಡಲ್ಲ ಕಣೇ. ಹತ್ತು ಉಸಿರು ಅಂತ ಹೇಗೆ ಎಣಿಸ್ಲಿ? ಅಂದಾಜಿನ ಮೇಲೆ ಬಾರಿಸ್ದೆ" ಎಂದರು ಅವರು. ನಾನು ಗಂಟೆಯನ್ನು ಅವರ ಮಡಿಲಲ್ಲಿಟ್ಟು ಟ್ಯಾಂಕಿನ ಕಡೆ ಓಡಿದೆ.

ಮುನಿಸಾಮಿ ಹುಣಸೆ ಮರದ ಕೆಳಗೆ ಕೂತಿದ್ದ. ಮುಂದೆ ಮೊಸರನ್ನದ ಡಬ್ಬಿ. ಕೈ ಡಬ್ಬಿಯೊಳಗಿತ್ತು, ಕಣ್ಣು ಏಣಿಯ ಮೇಲಿತ್ತು. ಪಕ್ಕದಲ್ಲಿ ಅಲಮೇಲು ಅವನ ಬೆನ್ನನ್ನು ಮೇಲಿಂದ ಕೆಳಗೆ ಸವರುತ್ತಿದ್ದಳು, ಒಂದೊಂದೇ ಮೂಳೆ ಎಣಿಸುವ ಹಾಗೆ. ನಾನು ಎದುರು ನಿಂತು ನಡೆದದ್ದನ್ನು ಒಂದೂ ಬಿಡದೆ ಹೇಳಿದೆ.

"ಬಿದ್ದಿದ್ದು ಗೊತ್ತಿಲ್ಲಕ್ಕ. ನೆಲ ಮೇಲಕ್ಕೆ ಬಂದಿದ್ದು ಗೊತ್ತು" ಎಂದ ಅವನು. "ಹದಿನೇಳು ಹೆಸರು ನಾನೇ ಬರ್ದಿದೀನಿ ಅಲ್ಲಿ. ಒಳಗೆ ಏನಿದೆ ಅಂತ ಒಬ್ರೂ ನಂಗೆ ಹೇಳಿಲ್ಲ. ಸಾಯೋಕೆ ಹೋದೆ ಅದರ ದೆಸೆಯಿಂದ. ಅಂಥಾದ್ದೇನಿತ್ತು ಆ ಪುಟದಲ್ಲಿ?"

"ಉಣ್ಣಿ ಮೊದ್ಲು" ಎಂದಳು ಅಲಮೇಲು.

"ಕೇಳ್ತಾ ಉಣ್ತೀನಿ."

ಅಷ್ಟು ಕೇಳುವ ಹಕ್ಕು ಅವನಿಗಿತ್ತು. ಪದ ತಪ್ಪದಂತೆ ನೋಡಿಕೊಂಡು ಹೇಳಿದೆ: ಹಡಗು, ನಾಲ್ಕು ವರ್ಷ, ಏಳುನೂರು ವರ್ಷ, ಬಯಲು, ಆ ಮಾತು. ಅವನು ಉಣ್ಣುತ್ತಲೇ ಇದ್ದ. ಹೆಂಗಸು ಇಲ್ಲ ಎಂದಳು ಎಂದೆ. ಅವನ ಅಗಿತ ನಿಧಾನವಾಯಿತು. ಕಾವಲಿನವನು ಅವಳ ಮುಖ ನೋಡಿದ, ರೊಟ್ಟಿ ಮುರಿದ, ಮತ್ತೆ ಕೇಳಿದ ಎಂದೆ. ಮುನಿಸಾಮಿಯ ಕೈಯಲ್ಲಿದ್ದ ತುತ್ತು ಡಬ್ಬಿಗೂ ಬಾಯಿಗೂ ನಡುವೆ ನಿಂತಿತು. ಅವನು ನನ್ನನ್ನು ನೋಡುತ್ತಿರಲಿಲ್ಲ. ಯಾವುದನ್ನೂ ನೋಡುತ್ತಿರಲಿಲ್ಲ.

ಆ ನೋಟವನ್ನು ನಾನು ಹನ್ನೊಂದು ವರ್ಷ ಕಾದಿದ್ದವಳು. ನನ್ನ ಕೈಯಲ್ಲಿ ಗಂಟೆಯಿರಲಿಲ್ಲ. ಹುಟ್ಟಿದಾಗಿನಿಂದ ದನಿಯೆತ್ತಿ ಮಾತಾಡದವಳು ಬೀದಿಯ ನಡುವೆ ನಿಂತು ಗಂಟಲು ಹರಿಯುವಂತೆ ಕೂಗಿದೆ, "ಜಾರ್ತಾ ಇದೆ, ನಿಂತ್ಕೊಳ್ಳಿ, ಒಂದೂ ಐವತ್ತಕ್ಕೆ ಎಲ್ಲಿದ್ರಿ ನಿಂತ್ಕೊಳ್ಳಿ" ಎಂದು. ಚಹಾದಂಗಡಿಯವನು ಕೂಗನ್ನು ದಾಟಿಸಿದ. ಬೀದಿಯುದ್ದಕ್ಕೂ ಜನ ಗಾಳಿಯಲ್ಲಿ ಬಟ್ಟೆ ಹಿಂಡಲು, ಅಕ್ಕಿ ಆರಿಸಲು ಶುರುಮಾಡಿದರು.

"ಒಂದೂ ಐವತ್ತಕ್ಕೆ ನಾನು ಏಣಿ ಮೇಲಿದ್ದೆ" ಎಂದ ಮುನಿಸಾಮಿ.

"ಎದ್ದು ನಿಲ್ಲಿ" ಎಂದೆ. "ಎಡಗೈ ಎಲ್ಲಿತ್ತು? ಹಿಡ್ಕೊಳ್ಳಿ. ಬಲಗಾಲು? ಮಂಡಿ ಸ್ವಲ್ಪ ಬಗ್ಗಿಸಿ. ಮುಂದಕ್ಕೆ ಒರಗಿ, ಗೋಡೆ ಕಡೆಗೆ. ಕಣ್ಣು ಮುಚ್ಚಬೇಡಿ." ಅವನು ಏನೂ ಇಲ್ಲದ ಜಾಗದಲ್ಲಿ ಎಡಗೈಯ ಬೆರಳನ್ನು ಒಂದೊಂದಾಗಿ ಮಡಚಿ ಬಿಗಿಹಿಡಿದ. ಅಲಮೇಲು ನೆಲದ ಮೇಲೆ ಕುಕ್ಕರಿಸಿ, ಒಂದೂ ಐವತ್ತಕ್ಕೆ ಒಲೆಯ ಮುಂದೆ ಕೂತಿದ್ದ ಹಾಗೆ ಕೂತು, ಇಲ್ಲದ ಸೌಟನ್ನು ತಿರುವುತ್ತಾ ಗಂಡನ ಕೈಯನ್ನೇ ನೋಡುತ್ತಿದ್ದಳು. "ಒಂಬತ್ತು" ಎಂದೆ, ಉಸಿರು ಎಣಿಸುತ್ತಾ. ನನ್ನದೂ ನೆನಪಾಗಿ ಕೈಯನ್ನು ತಲೆಯ ಹತ್ತಿರ ಎತ್ತಿದೆ.

ನಾನು ನನ್ನ ಮನೆಯ ಕನ್ನಡಿಯ ಮುಂದಿದ್ದೆ, ಕೈಯಲ್ಲಿ ಬಾಚಣಿಗೆ. ನನ್ನ ಮನೆ ಟ್ಯಾಂಕಿನ ಹಿಂದಿನ ಓಣಿಯಲ್ಲಿದೆ. ಏನಾದರೂ ಬಿದ್ದರೆ ಗೋಡೆಗಳು ಅದುರಬೇಕು. ಉಸಿರು ಹಿಡಿದು ಕಾದೆ. ಓಣಿಯಲ್ಲಿ ಕೋಳಿಯೊಂದು ಕೆದಕುತ್ತಿದ್ದ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಆಮೇಲೆ ಹಂಚಿನ ಮಾಡುಗಳ ಮೇಲಿಂದ, ಎತ್ತರದಿಂದ, ಮುನಿಸಾಮಿಯ ದನಿ ಕೇಳಿಸಿತು.

"ಕುಮುದಕ್ಕಾ, ಅವಳು ರೊಟ್ಟಿ ತಿಂದ್ಲಾ?"

ನನಗೂ ಗೊತ್ತಿರಲಿಲ್ಲ. ಅರ್ಧ ಹೆಣೆದ ಜಡೆಯಲ್ಲೇ ನರ್ಸಮ್ಮನ ಮನೆಗೆ ಓಡಿದೆ.